ಶಿವಾಜಿನಗರದಿಂದ ಬಂದ ಇಸಿಎಂ

ಚಾವಿ ತಿರುಗಿಸಿದರೆ ಸ್ಟಾರ್ಟರ್ ಮೋಟಾರು ಹುರುಪಿನಿಂದಲೇ ಸುತ್ತುತ್ತದೆ. ಬ್ಯಾಟರಿ ಗಟ್ಟಿಯಾಗಿದೆ, ಟ್ಯಾಂಕಿನಲ್ಲಿ ಡೀಸೆಲ್ ಇದೆ. ಆದರೂ ಎಂಜಿನ್ ಹಿಡಿಯುವುದಿಲ್ಲ. ಮೀಟರಿನಲ್ಲಿ ಆಯಿಲ್ ದೀಪ ಹೊತ್ತಿದೆ, ಬ್ಯಾಟರಿ ದೀಪ ಹೊತ್ತಿದೆ. ಸುರುಳಿ ಚಿತ್ರದ ಗ್ಲೋ ಪ್ಲಗ್ ದೀಪವೂ ಹಳದಿ ಎಂಜಿನ್ ದೀಪವೂ ಮಾತ್ರ ಹೊತ್ತಿಲ್ಲ. ಸ್ಟೀರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದರೆ, ಸ್ವಲ್ಪ ಹೊತ್ತು ಚಕ್ರ ತಿರುಗಿಸಿ 'ಸಂಪರ್ಕ ಸಿಗುತ್ತಿಲ್ಲ' ಎಂದು ಕೈಚೆಲ್ಲುತ್ತದೆ.

ಕಾಮಾಕ್ಷಿಪಾಳ್ಯದ ಒಳರಸ್ತೆಯ ಗ್ಯಾರೇಜು. ಒಂದು ಕಡೆ ಲೇತ್ ಅಂಗಡಿ, ಇನ್ನೊಂದು ಕಡೆ ಪೌಡರ್ ಕೋಟಿಂಗ್ ಶೆಡ್ಡು. ಮಧ್ಯದಲ್ಲಿ ನಾಲ್ಕು ಕಾರು ಹಿಡಿಸುವಷ್ಟು ಜಾಗ. ಬಾನೆಟ್ ಎತ್ತಿ ನಿಂತಿರುವುದು 2009ರ ಸ್ವಿಫ್ಟ್ ಡೀಸೆಲ್. ಮಾಗಡಿ ಕಡೆಯ ರೈತರೊಬ್ಬರದು. ಹದಿನೈದು ವರ್ಷ ತುಂಬಿದ ಮೇಲೆ ಆರ್‌ಟಿಒಗೆ ಹೋಗಿ ಎಫ್‌ಸಿ ಮಾಡಿಸಿ ನವೀಕರಿಸಿಕೊಂಡ ಗಾಡಿ. ಹಬ್ಬಕ್ಕೆ ಮುಂಚೆ ಮಗ ಅದನ್ನು ವಾಟರ್ ಸರ್ವೀಸಿಗೆ ಬಿಟ್ಟಿದ್ದಾನೆ. ಅಲ್ಲಿನ ಹುಡುಗ ಪ್ರೆಷರ್ ಗನ್ ಹಿಡಿದು ಎಂಜಿನ್ನೂ ಫಳಫಳ ಹೊಳೆಯುವಂತೆ ತೊಳೆದಿದ್ದಾನೆ. ಒಂದೆರಡು ವಾರ ಬಿಟ್ಟುಬಿಟ್ಟು ಎಂಜಿನ್ ದೀಪ ಮಿಣುಕಿತಂತೆ. ಆಮೇಲೆ ಒಂದು ಬೆಳಿಗ್ಗೆ ಗಾಡಿ ಮಿಸುಕಲಿಲ್ಲ.

"ಶೋರೂಮಲ್ಲಿ ಇಸಿಎಂ ಹೋಗಿದೆ, ಹೊಸದೇ ಹಾಕ್ಬೇಕು ಅಂದ್ರು ಕಣಪ್ಪಾ. ರೇಟು ಕೇಳಿ ಟೋಯಿಂಗ್ ಮಾಡಿಸ್ಕೊಂಡು ಇಲ್ಲಿಗೇ ಬಂದೆ" ಎನ್ನುತ್ತಾರೆ ಯಜಮಾನರು. ಇಸಿಎಂ ಎಂದರೆ ಎಂಜಿನ್ನನ್ನು ನಡೆಸುವ ಕಂಪ್ಯೂಟರ್ ಪೆಟ್ಟಿಗೆ. ಅದಕ್ಕೆ ಅಲ್ಲಿ ಹೇಳಿದ ಬೆಲೆ ಅವರ ಒಂದು ಬೆಳೆಯ ರಾಗಿ ದುಡ್ಡನ್ನು ನುಂಗಿ ಮತ್ತೂ ಕೇಳುವಂತಿತ್ತು.

"ಹೋಗಿರಬಹುದು ಯಜಮಾನ್ರೇ. ಹೋಗದೇನೂ ಇರಬಹುದು. ಮೊದ್ಲು ಅದಕ್ಕೆ ಕರೆಂಟು ನೆಟ್ಟಗೆ ಹೋಗ್ತಾ ಇದೆಯಾ ನೋಡಣ" ಎಂದು ಮೇಸ್ತ್ರಿ ಟೂಲ್ ಡಬ್ಬದಿಂದ ತೆಗೆದದ್ದು ಮಲ್ಟಿಮೀಟರನ್ನಲ್ಲ. ಹಳೆಯ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಬೆಸೆದು ಮಾಡಿಕೊಂಡ ಟೆಸ್ಟ್ ಲ್ಯಾಂಪು.

ಆ ಬಲ್ಬಿಗೆ ಕಾರಣವಿದೆ. ಹತ್ತಾರು ಎಳೆಗಳ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರು ನಿಶ್ಚಿಂತೆಯಿಂದ ಹನ್ನೆರಡು ವೋಲ್ಟ್ ತೋರಿಸುತ್ತದೆ, ಏಕೆಂದರೆ ಅದು ಎಳೆಯುವ ವಿದ್ಯುತ್ತು ಇಲ್ಲವೆನ್ನುವಷ್ಟು ಕಡಿಮೆ. 21 ವಾಟ್ ಬಲ್ಬು ಹಾಗಲ್ಲ, ಹೆಚ್ಚುಕಡಿಮೆ ಎರಡು ಆಂಪಿಯರ್ ಕೇಳುತ್ತದೆ. ದುರ್ಬಲ ವೈರು ಅಷ್ಟು ಕೊಡಲಾರದೆ ಬಲ್ಬು ಮಂಕಾಗುತ್ತದೆ. ಹಳೆಯ ಕಾರಿನಲ್ಲಿ ಎಷ್ಟೋ ಸಲ ತಪ್ಪಿತಸ್ಥ ಪೆಟ್ಟಿಗೆಯಾಗಿರುವುದಿಲ್ಲ. ಬಾಡಿಗೆ ಬಿಗಿದ ಅರ್ಥ್ ವೈರಿನ ಬೋಲ್ಟು ತುಕ್ಕು ಹಿಡಿದಿರುತ್ತದೆ, ಮೇನ್ ರಿಲೇಯ ಕಾಲು ಸುಟ್ಟಿರುತ್ತದೆ, ಬೇಸ್‌ಮೆಂಟಿನ ಇಲಿ ಹಾರ್ನೆಸ್ ಕಡಿದಿರುತ್ತದೆ. ಹೊಸ ಇಸಿಎಂ ಹಾಕಿಯೂ ಸ್ಟಾರ್ಟ್ ಆಗದೆ, ಕೊನೆಗೆ ಹತ್ತು ರೂಪಾಯಿಯ ವೈರಿನಲ್ಲಿ ಕೆಲಸ ಮುಗಿದ ಕತೆಗಳು ಪ್ರತಿ ಗ್ಯಾರೇಜಿನಲ್ಲೂ ಸಿಗುತ್ತವೆ.

ಇಲ್ಲಿ ಬಲ್ಬು ಬೆಳ್ಳಗೆ ಉರಿಯಿತು. ಅರ್ಥ್ ಸರಿ ಇದೆ, ಬ್ಯಾಟರಿಯ ನೇರ ವೈರು ಸರಿ ಇದೆ, ಚಾವಿಯಿಂದ ಬರುವ ವೈರೂ ಸರಿ ಇದೆ. ಇನ್ನೊಂದು ಅನುಮಾನ ಉಳಿದಿತ್ತು. ಇಸಿಎಂ ತನ್ನೊಳಗೇ ಐದು ವೋಲ್ಟ್ ತಯಾರಿಸಿ ಸೆನ್ಸರುಗಳಿಗೆ ಹಂಚುತ್ತದೆ. ಆ ಸೆನ್ಸರುಗಳಲ್ಲಿ ಒಂದು ಒಳಗೇ ಶಾರ್ಟ್ ಆದರೂ ಐದು ವೋಲ್ಟಿನ ಸಾಲೆಲ್ಲ ಕುಸಿಯುತ್ತದೆ, ಕೆಲವು ಕಾರುಗಳಲ್ಲಿ ಇಸಿಎಂ ಸತ್ತಂತೆಯೇ ಬಿದ್ದುಕೊಳ್ಳುತ್ತದೆ. ಮೇಸ್ತ್ರಿ ರೇಲ್ ಪ್ರೆಷರ್ ಸೆನ್ಸರ್, ಬೂಸ್ಟ್ ಸೆನ್ಸರ್, ಪೆಡಲ್ ಸೆನ್ಸರ್ ಒಂದೊಂದನ್ನೇ ಕಳಚಿ, ಪ್ರತಿ ಸಲವೂ ಚಾವಿ ಆನ್ ಮಾಡಿ ಹಳದಿ ದೀಪದ ಕಡೆ ನೋಡಿದರು. ಹೊತ್ತಲಿಲ್ಲ. ಆಮೇಲೆಯೇ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಇಸಿಎಂಗೆ ಕೈ ಹಾಕಿದ್ದು.

ಸನ್ನೆ ಎತ್ತಿ ಕನೆಕ್ಟರ್ ಎಳೆದಾಗ ಒಳಗೆ ಕಂಡದ್ದು ಹಸಿರು. ತಾಮ್ರದ ಪಾತ್ರೆಗೆ ಹಿಡಿಯುವ ಕಿಲುಬೇ ಇಲ್ಲಿ ಎರಡು ಪಿನ್ನುಗಳ ಬುಡದಲ್ಲಿ ಹುಡಿಯಾಗಿ ಕೂತಿತ್ತು. ನೀರು ತಡೆಯುವ ರಬ್ಬರ್ ಸೀಲು ವಯಸ್ಸಾಗಿ ಗಡುಸಾಗಿದೆ. ಪ್ರೆಷರ್ ಗನ್ನಿನ ನೀರು ಅದನ್ನು ದಾಟಿ ಒಳಹೊಕ್ಕಿದೆ. ಅಂಗೈಯಗಲದ ಅಲ್ಯೂಮಿನಿಯಂ ಪೆಟ್ಟಿಗೆಯ ಮುಚ್ಚಳ ಬಿಚ್ಚಿದರೆ ಬೋರ್ಡಿನ ಒಂದು ಮೂಲೆ ಕಪ್ಪಾಗಿ, ಕೂದಲೆಳೆಯಷ್ಟು ಸಣ್ಣ ತಾಮ್ರದ ದಾರಿಗಳು ಕರಗಿಹೋಗಿವೆ.

"ಈಗ ಹೇಳ್ತೀನಿ ಯಜಮಾನ್ರೇ, ಹೋಗಿದೆ."

*

ನನಗೆ ಈ ಕೆಲಸದಲ್ಲಿ ತುಂಬ ಹಿಡಿಸುವ ಭಾಗವೇ ಇದು, ಆ ಒಂದು ಮಾತು ಹೇಳುವುದಕ್ಕೆ ಮುಂಚಿನ ತಾಳ್ಮೆ. ಸೆಕೆಂಡ್ಸ್ ಇಸಿಎಂ ಹಾಕುವುದೆಂದರೆ ಅಗ್ಗದಲ್ಲಿ ಒಂದು ಪೆಟ್ಟಿಗೆ ಕೊಂಡು ಸಿಕ್ಕಿಸುವುದು ಎಂದು ತಿಳಿದವರೇ ಹೆಚ್ಚು. ಪೆಟ್ಟಿಗೆ ಎಲ್ಲಿ ಬೇಕಾದರೂ ಸಿಕ್ಕೀತು. ಅದು ಈ ಕಾರಿಗೆ ಬೇಕೇ, ಬೇಕಾದರೆ ಯಾವುದು ಬೇಕು, ತಂದದ್ದನ್ನು ಈ ಕಾರಿನದಾಗಿ ಮಾಡುವುದು ಹೇಗೆ, ಇವು ಮೂರೂ ಗೊತ್ತಿರುವ ಕೈ ಸಿಗುವುದು ಕಷ್ಟ. ನಾವು ದುಡ್ಡು ಕೊಡಬೇಕಾದದ್ದು ಆ ಕೈಗೆ.

ಕಾರ್ಬುರೇಟರ್ ಕಾಲದ ಮಾರುತಿ 800ರಲ್ಲಿ ಈ ತಾಪತ್ರಯ ಇರಲಿಲ್ಲ. ಜೆಟ್ ಬಿಚ್ಚಿ ಊದಿದರೆ ಅರ್ಧ ರೋಗ ವಾಸಿ. 1999ರಲ್ಲಿ ಸುಪ್ರೀಂ ಕೋರ್ಟು ದೆಹಲಿ ಸೀಮೆಯ ಹೊಸ ಕಾರುಗಳಿಗೆ ಯೂರೋ ಹೊಗೆ ನಿಯಮ ಕಡ್ಡಾಯ ಮಾಡಿದ ಮೇಲೆ ಎಂಪಿಎಫ್‌ಐ ಎಂಬ ಬಿಲ್ಲೆ ಕಾರುಗಳ ಬೆನ್ನಿಗೆ ಬಂತು, ಬಿಲ್ಲೆಯ ಹಿಂದೆಯೇ ಕಂಪ್ಯೂಟರೂ ಬಂತು. ಬೆಂಗಳೂರಿಗೆ ಭಾರತ್ ಸ್ಟೇಜ್ ಹೊಗೆ ನಿಯಮದ ಬಿಎಸ್ 3 ಬಂದದ್ದು 2005ರಲ್ಲಿ, ಬಿಎಸ್ 4 ಬಂದದ್ದು 2010ರಲ್ಲಿ. ಒಂದೊಂದು ಮೆಟ್ಟಿಲಿಗೂ ಪೆಟ್ಟಿಗೆಯ ಹೊಣೆ ಹೆಚ್ಚಿತು. ಈ ಸ್ವಿಫ್ಟಿನ 1248 ಸಿಸಿ ಎಂಜಿನ್ ಫಿಯಟ್ ಮೂಲದ್ದು. ಸ್ವಿಫ್ಟ್, ಡಿಜೈರ್, ರಿಟ್ಜ್, ಇಂಡಿಕಾ ವಿಸ್ತಾ, ಪುಂಟೋ ಎಲ್ಲಕ್ಕೂ ಇದೇ ಹೃದಯವಾಗಿದ್ದರಿಂದ ಇದನ್ನು ದೇಶದ ರಾಷ್ಟ್ರೀಯ ಡೀಸೆಲ್ ಎಂಜಿನ್ ಎಂದೇ ಕರೆಯುತ್ತಿದ್ದರು. ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದ ಡೀಸೆಲನ್ನು, ಒಂದೇ ಸಿಡಿತಕ್ಕೆ ಹಲವು ಕಂತುಗಳಲ್ಲಿ, ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ ಚಿಮ್ಮಿಸಬೇಕು. ಆ ಲೆಕ್ಕವನ್ನೆಲ್ಲ ಇಡುವುದು ಈ ಪೆಟ್ಟಿಗೆ.

*

ಸೆಕೆಂಡ್ಸ್ ಪೆಟ್ಟಿಗೆ ಹುಡುಕಿಕೊಂಡು ರಸೆಲ್ ಮಾರ್ಕೆಟ್ಟಿನ ಗದ್ದಲ ದಾಟಿ ಶಿವಾಜಿನಗರದ ಗುಜರಿ ಓಣಿಗಳಿಗೆ ನುಗ್ಗಿದರೆ ಮೊದಲು ಮೂಗಿಗೆ ಬಡಿಯುವುದು ಗೇರ್ ಆಯಿಲ್ಲಿನ ವಾಸನೆ. ಬಾಗಿಲುಗಳನ್ನು ಪುಸ್ತಕಗಳಂತೆ ನಿಲ್ಲಿಸಿ ಜೋಡಿಸಿದ್ದಾರೆ. ಗೇರ್‌ಬಾಕ್ಸುಗಳು ಮೆಟ್ಟಿಲ ಮೇಲೆ ಕೂತಿವೆ. ಒಬ್ಬ ಹುಡುಗ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ವೈರಿಂಗ್ ಹಾರ್ನೆಸ್ಸಿನಿಂದ ಕನೆಕ್ಟರುಗಳನ್ನು ಕತ್ತರಿಸಿ ಬಣ್ಣಬಣ್ಣಕ್ಕೆ ವಿಂಗಡಿಸುತ್ತಿದ್ದಾನೆ. ದಖನಿ ಉರ್ದು, ತಮಿಳು, ಕನ್ನಡ ಮೂರೂ ಒಂದೇ ವಾಕ್ಯದಲ್ಲಿ ಓಡಾಡುತ್ತವೆ. ಹೊಸ ಸಾಮಾನಿಗೆ ಜೆ.ಸಿ. ರಸ್ತೆ, ಹಳೆಯದಕ್ಕೆ ಶಿವಾಜಿನಗರ ಎಂಬುದು ಬೆಂಗಳೂರಿನ ಮೆಕ್ಯಾನಿಕ್ಕುಗಳ ಹಳೆಯ ಲೆಕ್ಕ.

ಅಲ್ಲಿನ ಒಬ್ಬ ಭಾಯ್ ಅಂಗಡಿಯ ಒಳಗೋಡೆಗೆ ಕಬ್ಬಿಣದ ರ‍್ಯಾಕು. ಅದರ ತುಂಬ ಇಸಿಎಂಗಳು: ಬಾಷ್, ಡೆನ್ಸೋ, ಡೆಲ್ಫಿ, ಕಾಂಟಿನೆಂಟಲ್, ಮ್ಯಾಗ್ನೆಟಿ ಮರೆಲಿ. ಕೆಲವಕ್ಕೆ ಸೀಮೆಸುಣ್ಣದಲ್ಲಿ ಕಾರಿನ ಹೆಸರು ಬರೆದಿದೆ. ಅಪಘಾತದಲ್ಲಿ ನುಜ್ಜಾಗಿ, ವಿಮಾ ಕಂಪನಿ 'ಟೋಟಲ್ ಲಾಸ್' ಎಂದು ತೀರ್ಮಾನಿಸಿ ಹರಾಜು ಹಾಕಿದ ಕಾರುಗಳಿಂದ ಬಂದವು ಇಲ್ಲಿ ಬಹಳ.

"ಸ್ವಿಫ್ಟ್ ಡೀಸೆಲ್ ಇಸಿಎಂ ಭಾಯ್, ಬಿಎಸ್ ತ್ರೀ."

"ನಂಬರ್ ಹೇಳಿ."

ಮೇಸ್ತ್ರಿ ಮೊಬೈಲಿನಲ್ಲಿ ತೆಗೆದುಕೊಂಡ ಸ್ಟಿಕ್ಕರಿನ ಫೋಟೋ ತೋರಿಸುತ್ತಾರೆ. 33920 ಎಂದು ಶುರುವಾಗುವ ಪಾರ್ಟ್ ನಂಬರು. ಕಡೆಯ ಅಕ್ಷರಗಳವರೆಗೆ ಒಂದೊಂದೂ ತಾಳೆಯಾಗಬೇಕು. ಭಾಯ್ ಕೆಳಗಿಳಿಸಿದ ಮೊದಲ ಪೆಟ್ಟಿಗೆ ನೋಡಲು ಥೇಟ್ ಅದೇ. ಅದೇ ಅಲ್ಯೂಮಿನಿಯಂ ಬೆನ್ನು, ಅದೇ ಎರಡು ಕನೆಕ್ಟರು. ಬಾಲದ ಅಕ್ಷರ ಮಾತ್ರ ಬೇರೆ. ಬಿಎಸ್ 4 ಗಾಡಿಯದು. ಸಿಕ್ಕಿಸಿದರೆ ಸಲೀಸಾಗಿ ಕೂರುತ್ತದೆ, ಚಾವಿಗೆ ಹೊಂದಿಸಿದರೆ ಎಂಜಿನ್ ಸ್ಟಾರ್ಟ್ ಕೂಡ ಆಗಬಹುದು. ಆದರೆ ನಮ್ಮ ಕಾರಿನಲ್ಲಿಲ್ಲದ ಸೆನ್ಸರನ್ನು ಹುಡುಕುತ್ತ, ಬೇರೊಂದು ಇಂಜೆಕ್ಟರಿನ ಲೆಕ್ಕದಲ್ಲಿ ಡೀಸೆಲ್ ಬಿಡುತ್ತ, ಕಪ್ಪು ಹೊಗೆಯಲ್ಲಿ ಓಡುತ್ತದೆ. "ಚಲ್ತಾ ಹೈ ಸಾರ್, ಎಲ್ಲಾ ಒಂದೇ" ಎನ್ನುವ ಅಂಗಡಿಗಳೂ ಇದೇ ಓಣಿಯಲ್ಲಿವೆ. ಈ ಭಾಯ್ ಹಾಗೆನ್ನದೆ ಪೆಟ್ಟಿಗೆಯನ್ನು ವಾಪಸ್ ಇಟ್ಟು ಏಣಿ ಹತ್ತಿದರು.

ಎರಡನೆಯದರ ನಂಬರು ಕೂಡಿತು. ಮೇಸ್ತ್ರಿ ಅದನ್ನು ಅಂಗಡಿಯಾಚೆ ಬಿಸಿಲಿಗೆ ಒಯ್ದರು. ಮೊದಲು ಸ್ಕ್ರೂ ತಲೆಗಳನ್ನು ನೋಡಿದರು. ಯಾರೂ ಬಿಚ್ಚಿದ ಗೀರಿಲ್ಲ, ಅಂಚಿನ ಸಿಲಿಕಾನ್ ಗಮ್ ಕಾರ್ಖಾನೆಯದೇ. ಆಮೇಲೆ ಕನೆಕ್ಟರನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಒಳಗೆ ಸುಟ್ಟಿದ್ದರೆ ಆ ಕಮಟು ಹೋಗುವುದೇ ಇಲ್ಲವಂತೆ. ಕಡೆಗೆ ಜೇಬಿನಿಂದ ಇಯರ್ ಬಡ್ ತೆಗೆದು ಪಿನ್ನುಗಳ ಸಂದಿಯಲ್ಲಿ ಮೆಲ್ಲಗೆ ಆಡಿಸಿ, ಹತ್ತಿಯ ತುದಿಯನ್ನು ಬಿಸಿಲಿಗೆ ಹಿಡಿದು ನೋಡಿದರು. ಬರೀ ಧೂಳಿನ ಬೂದು. ಕೆಸರಿನ ಹಳದಿ ಇಲ್ಲ.

ಆ ಹಳದಿಯ ಭಯ ಬೆಂಗಳೂರಿನ ಮೆಕ್ಯಾನಿಕ್ಕಿಗೆ ಸುಮ್ಮನೆ ಬಂದದ್ದಲ್ಲ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಸುತ್ತಮುತ್ತ ಕಾರುಗಳು ಚಾವಣಿಯವರೆಗೆ ಮುಳುಗಿ ನಿಂತಿದ್ದವು. ನೀರು ಇಳಿದ ಮೇಲೆ ಅವುಗಳ ಭಾಗಗಳೂ ಗುಜರಿಗೆ ಇಳಿದವು. ಮುಳುಗಿದ ಕಾರಿನ ಇಸಿಎಂ ಒಣಗಿಸಿದರೆ ಒಂದು ತಿಂಗಳು, ಎರಡು ತಿಂಗಳು ಚೆನ್ನಾಗಿಯೇ ನಡೆಯುತ್ತದೆ. ಒಳಗೆ ಕಿಲುಬು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಗುದ್ದಿದ ಕಾರಿನ ಪೆಟ್ಟಿಗೆ ಕೊಳ್ಳಿ, ಮುಳುಗಿದ ಕಾರಿನದು ಬೇಡ ಎಂಬುದನ್ನು ಹಳೆಯ ಸಾಮಾನು ಕೊಳ್ಳುವ ಎಲ್ಲರಿಗೂ ನಾನು ಒತ್ತಿ ಹೇಳುತ್ತೇನೆ.

"ಏಳು ಕೊಡಿ."

"ನಾಲ್ಕಕ್ಕೆ ಕೊಡಿ ಭಾಯ್, ರೈತರ ಗಾಡಿ."

ಐದು ಸಾವಿರಕ್ಕೆ ಮುಗಿಯಿತು. ಹಾಕಿ ನೋಡಿ, ಸ್ಟಾರ್ಟ್ ಆಗದಿದ್ದರೆ ವಾಪಸ್ ತನ್ನಿ, ಸ್ಕ್ರೂ ಮಾತ್ರ ಮುಟ್ಟಬೇಡಿ ಎಂಬ ಕರಾರು. "ಬಿಚ್ಚಲೇಬೇಕಲ್ಲ ಭಾಯ್, ಡೇಟಾ ಹಾಕ್ಬೇಕು" ಎಂದು ಮೇಸ್ತ್ರಿ ನಕ್ಕರು. "ಹಂಗಾದ್ರೆ ಟೇಬಲ್ ಮೇಲೆ ಟೆಸ್ಟ್ ಮಾಡಿ ನಂಗೆ ಫೋನ್ ಮಾಡಿ, ಆಮೇಲೆ ಬಿಚ್ಚಿ." ಚೀಟಿಯ ಮೇಲೆ ಪಾರ್ಟ್ ನಂಬರು, ತೆಗೆದ ಕಾರಿನ ಚಾಸಿ ನಂಬರು ಎರಡನ್ನೂ ಬರೆಸಿಕೊಂಡೇ ಮೇಸ್ತ್ರಿ ಹೊರಟದ್ದು.

*

ಡೇಟಾ ಹಾಕಿಸಲು ಹೋದದ್ದು ಜೆ.ಸಿ. ರಸ್ತೆಯ ಹಿಂಬದಿಯ ಒಂದು ಮಹಡಿ ಕೋಣೆಗೆ. ಇಲ್ಲಿ ಕಾರುಗಳಿಲ್ಲ, ಕಾರುಗಳ ಮಿದುಳುಗಳು ಮಾತ್ರ ಬರುತ್ತವೆ. ಬೆಂಚಿನ ಮೇಲೆ ಹನ್ನೆರಡು ವೋಲ್ಟಿನ ಪವರ್ ಸಪ್ಲೈ, ಬಿಸಿಗಾಳಿ ಗನ್ನು, ಮೈಕ್ರೋಸ್ಕೋಪು, ಲ್ಯಾಪ್‌ಟಾಪು. ಇಲ್ಲಿನ ಕೆಲಸಗಾರನ ತಂದೆ ಮೈಕೋ ಪಂಪ್ ಕ್ಯಾಲಿಬ್ರೇಷನ್ ಮಾಡುತ್ತಿದ್ದವರು. ಆಡುಗೋಡಿಯ ಮೈಕೋ, ಅಂದರೆ 1951ರಲ್ಲಿ ಶುರುವಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಕಂಪನಿ, ದೇಶದ ಲಾರಿ ಬಸ್ಸು ಟ್ರಾಕ್ಟರುಗಳಿಗೆ ಡೀಸೆಲ್ ಪಂಪು ಕೊಟ್ಟಿತು. ಆ ಪಂಪುಗಳನ್ನು ಬೆಂಚಿಗೆ ಕಟ್ಟಿ, ಗಾಜಿನ ನಳಿಗೆಗಳಲ್ಲಿ ಡೀಸೆಲ್ ಅಳೆದು, ಸ್ಕ್ರೂವಿನ ಕಾಲು ಸುತ್ತಿನಲ್ಲಿ ಹೊಗೆ ಸರಿ ಮಾಡುತ್ತಿದ್ದ ಕುಶಲಿಗಳು ಕರ್ನಾಟಕದ ತಾಲ್ಲೂಕು ತಾಲ್ಲೂಕಿನಲ್ಲಿದ್ದರು. ತಂದೆ ಗಾಜಿನ ನಳಿಗೆಯಲ್ಲಿ ಅಳೆದದ್ದನ್ನು ಮಗ ಲ್ಯಾಪ್‌ಟಾಪಿನಲ್ಲಿ ಅಳೆಯುತ್ತಿದ್ದಾನೆ. ಅದೇ ವಿದ್ಯೆ ಮನೆ ಬದಲಿಸಿದೆ ಎಂದು ನನಗನ್ನಿಸುತ್ತದೆ, ಮತ್ತು ಅದು ಇಂಥ ಮಹಡಿ ಕೋಣೆಗಳಲ್ಲಿ ಬದುಕಿರುವುದು ನನಗೆ ಹೆಮ್ಮೆಯ ವಿಷಯ.

ಪೆಟ್ಟಿಗೆ ಕೂಡಿದರೂ ಕಾರು ಅದನ್ನು ಒಪ್ಪುವುದಿಲ್ಲ. ಚಾವಿಯ ಪ್ಲಾಸ್ಟಿಕ್ ತಲೆಯೊಳಗೆ ಬ್ಯಾಟರಿಯಿಲ್ಲದ ಒಂದು ಪುಟ್ಟ ಚಿಪ್ ಇರುತ್ತದೆ. ಚಾವಿ ತಿರುಗಿಸಿದಾಗ ಲಾಕಿನ ಸುತ್ತಲಿನ ಆಂಟೆನಾ ಸುರುಳಿ ಅದನ್ನು ಎಬ್ಬಿಸಿ ಗುಟ್ಟಿನ ಮಾತು ಕೇಳುತ್ತದೆ. ಉತ್ತರ ಕಳವು ತಡೆಯುವ ಇಮ್ಮೊಬಿಲೈಸರಿಗೆ ಸರಿ ಕಂಡು, ಇಮ್ಮೊಬಿಲೈಸರಿನ ಮಾತು ಇಸಿಎಂಗೆ ಸರಿ ಕಂಡರೆ ಮಾತ್ರ ಇಂಜೆಕ್ಟರಿಗೆ ಅಪ್ಪಣೆ. ಶಿವಾಜಿನಗರದ ಪೆಟ್ಟಿಗೆಗೆ ಗೊತ್ತಿರುವುದು ಎಲ್ಲೋ ನುಜ್ಜಾದ ಇನ್ನೊಂದು ಸ್ವಿಫ್ಟಿನ ಗುಟ್ಟು. ಮಾಗಡಿಯ ಚಾವಿ ಅದಕ್ಕೆ ಕಳ್ಳನೇ.

ದಾರಿಗಳು ಕೆಲವಿವೆ. ಗುಜರಿಯಲ್ಲೇ ಇಸಿಎಂ, ಇಮ್ಮೊಬಿಲೈಸರ್, ಚಾವಿ ಮೂರನ್ನೂ ಒಂದೇ ಕಾರಿನಿಂದ ಸೆಟ್ಟಾಗಿ ತರಬಹುದು. ಚಾವಿಯ ಚಿಪ್ಪನ್ನು ಕಿತ್ತು ನಮ್ಮ ಚಾವಿಗೆ ಹಾಕಿದರೆ ಸಾಕು. ಆದರೆ ಸೆಟ್ಟು ಸಿಗುವುದು ಅಪರೂಪ. ಇನ್ನೊಂದು 'ಇಮ್ಮೊ ಆಫ್', ಅಂದರೆ ಚಾವಿ ಕೇಳುವ ಬುದ್ಧಿಯನ್ನೇ ಅಳಿಸಿಬಿಡುವುದು. ಅರ್ಧ ಗಂಟೆಯ ಕೆಲಸ, ಕೇಳಿದವರಿಗೆಲ್ಲ ಮಾಡಿಕೊಡುವ ಜನರಿದ್ದಾರೆ. ನನಗೆ ಅದು ಸುತರಾಂ ಒಪ್ಪಿಗೆಯಿಲ್ಲ. ಬೀಗ ಕೆಟ್ಟಿತೆಂದು ಬಾಗಿಲನ್ನೇ ಕಿತ್ತುಹಾಕುವ ರಿಪೇರಿ ಅದು. ಗಾಡಿ ಕಳುವಾದರೆ ವಿಮೆಯವರು ಮೊದಲು ಎತ್ತುವ ಪ್ರಶ್ನೆಯೂ ಅದೇ. ಮೂರನೆಯದು ಕ್ಲೋನಿಂಗ್. ಹಳೆಯ ಪೆಟ್ಟಿಗೆಯ ನೆನಪನ್ನು ಹೊಸದಕ್ಕೆ ಇಳಿಸುವುದು. ಹಳೆಯದರ ಮೆಮೊರಿ ಚಿಪ್ ಬದುಕಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಬದುಕಿತ್ತು. ಕಿಲುಬು ತಿಂದದ್ದು ಪವರ್ ಮೂಲೆಯನ್ನು. ಮೆಮೊರಿ ಇದ್ದದ್ದು ಆಚೆ ತುದಿಯಲ್ಲಿ. ಐದು ಮಿಲಿಮೀಟರ್ ಉದ್ದದ ಎಂಟು ಕಾಲಿನ ಕಪ್ಪು ಚಿಪ್ಪು. ಇಂಥವುಗಳಲ್ಲಿ 95320 ಎಂಬುದು ತೀರಾ ಸಾಮಾನ್ಯ. ಅದರಲ್ಲಿ ಹಿಡಿಸುವುದು 4,096 ಬೈಟ್ ಮಾತ್ರ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದು ಅಕ್ಷರಚಿಹ್ನೆ ಮೂರು ಬೈಟ್ ತಿನ್ನುವುದರಿಂದ ಈ ಚಿಪ್ಪಿನಲ್ಲಿ ನೀವು ಓದುತ್ತಿರುವ ಲೇಖನದ ಒಂದೆರಡು ಪ್ಯಾರಾವೂ ಕಷ್ಟದಲ್ಲಿ ಕೂರುತ್ತದೆ. ಅಷ್ಟರಲ್ಲೇ ಕಾರಿನ ಚಾವಿಯ ಗುಟ್ಟು, ಚಾಸಿ ನಂಬರು, ಅದು ಕಲಿತ ತಿದ್ದುಪಡಿಗಳು ಎಲ್ಲ ಇವೆ.

ಕೆಲಸಗಾರ ಬೋರ್ಡಿನ ಮೇಲಿನ ಪಾರದರ್ಶಕ ಲೇಪವನ್ನು ಬ್ರಷ್ಷಿನಿಂದ ಉಜ್ಜಿ ತೆಗೆದ. ಸುತ್ತಲಿನ ಭಾಗಗಳಿಗೆ ಶಾಖ ತಗಲದಂತೆ ಹಳದಿ ಟೇಪು ಅಂಟಿಸಿ ಬಿಸಿಗಾಳಿ ಹಿಡಿದ. ಬೆಸುಗೆ ಹೊಳೆಯತೊಡಗಿದ ಕ್ಷಣಕ್ಕೆ ಚಿಮುಟದಲ್ಲಿ ಚಿಪ್ಪನ್ನೆತ್ತಿ ಪ್ರೋಗ್ರಾಮರಿನ ಸಾಕೆಟ್ಟಿಗಿಟ್ಟ. ಪರದೆಯ ತುಂಬ ಅಂಕಿ ಅಕ್ಷರಗಳ ಸಾಲು ಬಂತು. ಅವನು ಫೈಲ್ ಉಳಿಸಿದ. ಮತ್ತೆ ಚಿಪ್ ತೆಗೆದು ಕೂರಿಸಿ ಇನ್ನೊಮ್ಮೆ ಓದಿ ಇನ್ನೊಂದು ಫೈಲ್ ಉಳಿಸಿದ. ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿದ. ಒಂದು ಬೈಟೂ ವ್ಯತ್ಯಾಸವಿಲ್ಲ.

"ಒಂದೇ ಸಲ ಓದಿ ಬರೆದ್ರೆ ಏನಾಗುತ್ತೆ?" ಎಂದೆ.

"ಕಾಲು ಸರಿಯಾಗಿ ಕೂತಿರಲ್ಲ ಸಾರ್, ಒಂದು ಬೈಟ್ ತಪ್ಪು ಓದಿರುತ್ತೆ. ಅದನ್ನೇ ಬರೆದ್ರೆ ಎರಡು ಪೆಟ್ಟಿಗೇನೂ ಹೋಯ್ತು."

ಪರದೆಯ ಬಲಗಡೆ, ಅರ್ಥವಿಲ್ಲದ ಚುಕ್ಕೆಗಳ ನಡುವೆ, ಓದಲು ಬರುವ ಒಂದು ಸಾಲಿತ್ತು. ಎಂಎ3 ಎಂದು ಶುರುವಾಗುವ ಹದಿನೇಳು ಅಕ್ಷರ. ಮಾರುತಿ ಕಾರುಗಳ ಚಾಸಿ ನಂಬರು ಹಾಗೆಯೇ ಶುರುವಾಗುವುದು. ಮೇಸ್ತ್ರಿ ಆರ್‌ಸಿ ಕಾರ್ಡು ತೆಗೆದು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು, ಕೆಲಸಗಾರ ಪರದೆಯ ಮೇಲೆ ಹೂಂಗುಟ್ಟಿದ. ಆಮೇಲೆ ಶಿವಾಜಿನಗರದ ಪೆಟ್ಟಿಗೆಗೆ ಬೆಂಚಿನ ಮೇಲೆಯೇ ಕರೆಂಟು ಕೊಟ್ಟು ಸ್ಕ್ಯಾನರಿನಿಂದ ಮಾತಾಡಿಸಿ, ಭಾಯ್‌ಗೆ ಫೋನ್ ಮಾಡಿ, ಅದರ ಮೂಲ ಫೈಲನ್ನೂ ಜೋಪಾನ ಮಾಡಿಟ್ಟು, ನಮ್ಮ ಡೇಟಾ ಬರೆದ. ಮುಚ್ಚಳದ ಅಂಚಿಗೆ ಹೊಸ ಸಿಲಿಕಾನ್ ಎಳೆದು ಸ್ಕ್ರೂ ಬಿಗಿದ.

ಬೆಂಚಿನ ಇನ್ನೊಂದು ತುದಿಯಲ್ಲಿ ಹೊಸ ಕಾಲದ ಎರಡು ಪೆಟ್ಟಿಗೆಗಳಿದ್ದವು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದ ಮೇಲಿನವು. ಇವುಗಳಲ್ಲಿ ಬಹುತೇಕ ಮೆಮೊರಿ ಬೇರೆ ಚಿಪ್ಪಿನಲ್ಲಿರದೆ ಪ್ರೊಸೆಸರಿನ ಹೊಟ್ಟೆಯೊಳಗೇ ಪಾಸ್‌ವರ್ಡಿನ ಹಿಂದೆ ಇರುತ್ತದೆ. ಕಳ್ಳತನಕ್ಕೂ ಹೊಗೆ ನಿಯಮ ತಪ್ಪಿಸುವವರಿಗೂ ತಡೆಯಾಯಿತು, ಒಳ್ಳೆಯದೇ. ಆದರೆ ಪ್ರಾಮಾಣಿಕ ರಿಪೇರಿಗೂ ಅದೇ ಬಾಗಿಲು ಮುಚ್ಚಿತು. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿಗೆಂದು ಸಮಿತಿ ಮಾಡಿ, ವರ್ಷದ ಕೊನೆಗೆ ಪೋರ್ಟಲ್ ತೆರೆದಾಗ ಕೃಷಿ ಯಂತ್ರ, ಮೊಬೈಲುಗಳ ಜೊತೆಗೆ ವಾಹನಗಳನ್ನೂ ಸೇರಿಸಿಕೊಂಡಿತು. ಆ ಹಕ್ಕು ಸರ್ವೀಸ್ ಸೆಂಟರಿನ ಫೋನ್ ನಂಬರು ತಿಳಿಸುವಲ್ಲಿಗೆ ನಿಲ್ಲಬಾರದು. ಮಾಲೀಕ ಆರ್‌ಸಿ ತೋರಿಸಿದರೆ, ಹಳೆಯ ಪೆಟ್ಟಿಗೆಯನ್ನು ತನ್ನ ಕಾರಿಗೆ ಕಾನೂನುಬದ್ಧವಾಗಿ ಹೊಂದಿಸಿಕೊಳ್ಳುವ ದಾರಿಯನ್ನು ಕಂಪನಿಗಳೇ ತೆರೆಯಬೇಕು. ಹದಿನೈದು ವರ್ಷ ಕಳೆದು ಇಂದಿನ ಕಾರುಗಳು ಈ ಸ್ವಿಫ್ಟಿನ ವಯಸ್ಸಿಗೆ ಬಂದಾಗ ಈ ಪ್ರಶ್ನೆ ಪ್ರತಿ ಊರಿನದೂ ಆಗುತ್ತದೆ.

*

ಕಾಮಾಕ್ಷಿಪಾಳ್ಯದಲ್ಲಿ ಪೆಟ್ಟಿಗೆ ಕೂರಿಸುವುದಕ್ಕೆ ಮುಂಚೆ ಮೇಸ್ತ್ರಿ ಮೂಲಕ್ಕೆ ಕೈಹಾಕಿದರು. ಹಸಿರುಗಟ್ಟಿದ ಎರಡು ಪಿನ್ನಿನ ಎದುರು ಟರ್ಮಿನಲ್ಲುಗಳನ್ನು ಕಿತ್ತು ಹೊಸದನ್ನು ಕ್ರಿಂಪ್ ಮಾಡಿದರು. ಗಡುಸಾದ ಸೀಲು ಬದಲಿಸಿದರು. ಅರ್ಥ್ ಬೋಲ್ಟಿನ ಬುಡವನ್ನು ಮರಳು ಕಾಗದದಿಂದ ಉಜ್ಜಿ ಬಿಳಿ ಮಾಡಿದರು. ಇಷ್ಟು ಮಾಡದೆ ಹಾಕಿದ್ದರೆ ಶಿವಾಜಿನಗರದ ಪೆಟ್ಟಿಗೆಯೂ ಅದೇ ದಾರಿ ಹಿಡಿಯುತ್ತಿತ್ತು.

ಬ್ಯಾಟರಿ ಬಿಗಿದು ಚಾವಿ ಆನ್ ಮಾಡಿದಾಗ ಗ್ಲೋ ದೀಪ, ಹಳದಿ ದೀಪ ಎರಡೂ ಹೊತ್ತಿದವು. ಗ್ಲೋ ಆರಿತು. ಸ್ಟಾರ್ಟರ್ ಎರಡು ಸುತ್ತು ಹಾಕುವಷ್ಟರಲ್ಲಿ ಎಂಜಿನ್ ಹಿಡಿದು, ಡೀಸೆಲ್ಲಿನ ಕಟಕಟ ಸದ್ದು ಶೆಡ್ಡನ್ನು ತುಂಬಿತು. ಯಜಮಾನರು ಬಾನೆಟ್ ಮೇಲೆ ಕೈಯಿಟ್ಟು ನಿಂತೇ ಇದ್ದರು. ಮೇಸ್ತ್ರಿ ಮಾತ್ರ ಇನ್ನೂ ಮುಗಿಸಿರಲಿಲ್ಲ. ಇಂಜೆಕ್ಟರುಗಳ ತಲೆಯ ಮೇಲಿನ ಕೋಡುಗಳನ್ನು ಟಾರ್ಚು ಬಿಟ್ಟು ಓದಿ ಸ್ಕ್ಯಾನರಿನಲ್ಲಿರುವುದಕ್ಕೆ ಹೋಲಿಸಿದರು. ರೇಲ್ ಪ್ರೆಷರ್ ಕೇಳಿದಷ್ಟು ಏರುತ್ತಿದೆಯೇ ನೋಡಿದರು. ಎಸಿ ಹಾಕಿ, ಫ್ಯಾನ್ ತಿರುಗುವವರೆಗೆ ಕಾದರು. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆವರೆಗೆ ಓಡಿಸಿ ಬಂದು ಸ್ಕ್ಯಾನರಿನಲ್ಲಿ ದೋಷದ ಕೋಡು ನೋಡಿದರು. ಒಂದೂ ಇರಲಿಲ್ಲ.

ಬಿಲ್ಲಿನಲ್ಲಿ ಪೆಟ್ಟಿಗೆಗೆ ಐದು ಸಾವಿರ, ಡೇಟಾ ಕೆಲಸಕ್ಕೆ ಮೂರೂವರೆ, ಮೇಸ್ತ್ರಿ ಕೂಲಿ ಎರಡೂವರೆ.

"ಸಾಮಾನಿಗಿಂತ ಕೂಲಿನೇ ಜಾಸ್ತಿ ಆಯ್ತಲ್ಲಪ್ಪಾ" ಎಂದರು ಯಜಮಾನರು, ದುಡ್ಡು ಎಣಿಸುತ್ತಲೇ.

"ಹೌದು ಯಜಮಾನ್ರೇ, ಇದ್ರಲ್ಲಿ ಕೆಲಸಾನೇ ಸಾಮಾನು. ಇನ್ಮೇಲೆ ಎಂಜಿನ್ ಮೇಲೆ ನೀರು ಹೊಡೆಸ್ಬೇಡಿ, ಬಟ್ಟೇಲಿ ಒರೆಸಿದ್ರೆ ಸಾಕು. ಹಳೇ ಪೆಟ್ಟಿಗೆ ಗಾಡೀಲೇ ಇಟ್ಟಿದೀನಿ, ಬೇಡ ಅಂದ್ರೆ ಜೆ.ಸಿ. ರೋಡಿನ ಹುಡುಗ ಐನೂರು ಕೊಡ್ತಾನೆ, ಅದ್ರಲ್ಲಿರೋ ಡ್ರೈವರ್ ಐಸಿಗಳು ಅವನಿಗೆ ಬೇಕು. ಮತ್ತೆ ಈ ಭಾಯ್ ಚೀಟಿ ಆರ್‌ಸಿ ಜೊತೇಲೇ ಇರಲಿ. ಎರಡೂ ನಂಬರು ಇದೆ ಇದ್ರಲ್ಲಿ. ಯಾರಾದ್ರೂ ಕೇಳಿದ್ರೆ ಎಲ್ಲಿಂದ ಬಂತು ಅಂತ ತೋರಿಸ್ಬೇಕಾಗುತ್ತೆ."

ಯಜಮಾನರು ಚೀಟಿಯನ್ನು ಮಡಿಸಿ ಆರ್‌ಸಿಯ ಕವರಿಗೆ ಸೇರಿಸಿದರು. "ಆ ಹುಡುಗನಿಗೇ ಕೊಡು, ಐನೂರು ಬಿಲ್ಲಲ್ಲಿ ಕಳಿ" ಎಂದರು.